ಏಳು ತಲೆ, ಲೆಕ್ಕ ಸರಿ

ಸೊಸೆ ಒದ್ದೆ ಕಾಲುಚೀಲವನ್ನು ಹಿಂಡಿದಳು, ಕೊಡವಿದಳು, ಹಜಾರದ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ್ದ ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಅದರ ಜೋಡಿ. ಆಮೇಲೆ ಒಂದು ಟವೆಲು. ನಿನ್ನೆ ಬೆಳಿಗ್ಗೆಯೂ ಇವನ್ನೇ ಇದೇ ಜಾಗದಲ್ಲಿ ಹಾಕಿದ್ದಳು, ಮೊನ್ನೆಯೂ. ಮೂರು ದಿನದಲ್ಲಿ ಬಟ್ಟೆ ಒಣಗಿರಲಿಲ್ಲ, ವಾಸನೆ ಮಾತ್ರ ಪ್ರಾಯಕ್ಕೆ ಬಂದಿತ್ತು. ಮನೆಯವರೆಲ್ಲ ಇನ್ನೂ ಮಲಗಿದ್ದರು. ತಗಡಿನ ಸೂರಿನ ಮೇಲೆ ಯಾರೋ ಮೂಟೆಗಟ್ಟಲೆ ಅಕ್ಕಿ ಸುರಿಯುತ್ತಿದ್ದ ಹಾಗೆ ಮಳೆ ಸದ್ದು ಮಾಡುತ್ತಿತ್ತು.

ದ್ವೀಪಕ್ಕೆ ಬಂದು ಅದು ಐದನೆಯ ದಿನ. ಮರುದಿನ ಹೊರಡಬೇಕು. ಬಾಡಿಗೆಗೆ ಹಿಡಿದಿದ್ದ ಆ ಮನೆಯಿಂದ ಸಮುದ್ರ ಐದು ನಿಮಿಷದ ದಾರಿ. ಸೊಸೆ ಇನ್ನೂ ಸಮುದ್ರ ನೋಡಿರಲಿಲ್ಲ.

ಬಂದದ್ದೇನೋ ಸಮುದ್ರದ ಮೇಲೆಯೇ. ಆದರೆ ಮಳೆಯೆಂದು ದೋಣಿಯ ಸುತ್ತ ಟಾರ್ಪಾಲು ಕಟ್ಟಿದ್ದರು. ವಾಂತಿ ಮಾಡುತ್ತಿದ್ದ ಅಜ್ಜಿಗೆ ಚೀಲ ಹಿಡಿದು ಕೂತವಳಿಗೆ ಟಾರ್ಪಾಲಿನ ತೂತಿನಲ್ಲಿ ಗುಂಡಿಯಷ್ಟಗಲ ಬೂದು ಬಣ್ಣ ಕಂಡಿತ್ತು. ಅದು ಸಮುದ್ರವೋ ದೋಣಿಯವನ ಅಂಗಿಯೋ ಎಂಬ ಅನುಮಾನ ಅವಳಿಗೆ ಇನ್ನೂ ಹೋಗಿರಲಿಲ್ಲ. ಊರಿಗೆ ಹೋದ ಮೇಲೆ ಬೀದಿಯವರೆಲ್ಲ ಕೇಳುತ್ತಾರೆ, ಸಮುದ್ರ ಹೇಗಿತ್ತು ಅಂತ. ಏನು ಹೇಳುವುದು? ಮೇಲಿನ ಎರಡು ಗುಂಡಿ ಬಿಚ್ಚಿತ್ತು ಅನ್ನುವುದೇ?

ಕೊನೆಯ ಕ್ಲಿಪ್ಪು ಸಿಕ್ಕಿಸುವಾಗ ಅವಳು ತೀರ್ಮಾನಿಸಿದಳು. ಇವತ್ತು ಆಕಾಶವೇ ಕಳಚಿ ಬೀಳಲಿ, ಮೊಣಕಾಲಿನ ತನಕ ಸಮುದ್ರದಲ್ಲಿ ನಿಂತೇ ನಿಲ್ಲುತ್ತೇನೆ.

“ಮಗಾ, ಸ್ವಲ್ಪ ಬಿಸಿನೀರು ಕೊಡ್ತೀಯಾ?” ಒಳಗಿನಿಂದ ಅಜ್ಜಿಯ ದನಿ ಬಂತು.

“ತರ್ತೀನಿ ಅಜ್ಜಿ,” ಎಂದಳು. ಅಷ್ಟರಲ್ಲಿ ಕಾಲುಗಳು ಆಗಲೇ ಅಡುಗೆಮನೆಯಲ್ಲಿದ್ದವು. ಅವಳ ಕಾಲಿಗೆ ಅವಳಿಗಿಂತ ಮೊದಲೇ ಕೇಳಿಸುತ್ತಿತ್ತು.

ಬಿಸಿನೀರಿನ ಹಿಂದೆ ಚಹಾ, ಚಹಾದ ಹಿಂದೆ ತಿಂಡಿ, ತಿಂಡಿಯ ಹಿಂದೆ ಪಾತ್ರೆ. ಎಂಟೂವರೆಗೆ ಕೈ ಒರೆಸಿಕೊಂಡು ಅತ್ತೆಯ ಮುಂದೆ ನಿಂತಳು. ಅತ್ತೆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದ್ದರು. ಬಂದ ದಿನ ಹಿಡಿದ ಕುರ್ಚಿ ಅದು, ಚುನಾವಣೆಯಲ್ಲಿ ಗೆದ್ದವರ ಹಾಗೆ.

“ಅತ್ತೆ, ಒಂದು ಗಳಿಗೆ ಸಮುದ್ರ ನೋಡ್ಕೊಂಡು ಬರ್ಲಾ?”

“ಈ ಮಳೇಲಾ? ಸಮುದ್ರಕ್ಕೇನು ಕಾಲಿದೆಯೇನೇ ಓಡಿಹೋಗೋಕೆ? ಅಲ್ಲೇ ಇರುತ್ತೆ. ಮೊದಲು ಆ ದಿಂಬಿನ ಕವರು ತಿರುಗಿಸಿ ಹಾಕು, ಬೂಷ್ಟು ಬಂದಿದೆ.”

“ಇನ್ನು ಹದಿನೇಳು ನಿಮಿಷಕ್ಕೆ ಮಳೆ ನಿಲ್ಲುತ್ತೆ, ಆಮೇಲೆ ಹೋಗು,” ಎಂದ ಗಂಡ ಹೊದಿಕೆಯೊಳಗಿನಿಂದ. ಅವನು ಗಡಿಯಾರ ರಿಪೇರಿಯವನು. ಮಳೆ ಯಾವಾಗ ನಿಲ್ಲುತ್ತದೆ ಎಂದು ಐದು ದಿನದಿಂದ ನಿಮಿಷ ಸಮೇತ ಹೇಳುತ್ತಿದ್ದ. ಮಳೆಗೆ ಇನ್ನೂ ಅವನ ಪರಿಚಯ ಆಗಿರಲಿಲ್ಲ.

ಸೊಸೆ ದಿಂಬಿನ ಕವರು ತಿರುಗಿಸಿದಳು. ಆಮೇಲೆ ಗೂಟದಿಂದ ತನ್ನ ನೀಲಿ ಕೋಟು ತೆಗೆದುಕೊಂಡು ಹಿಂಬಾಗಿಲಿನಿಂದ ಸದ್ದಿಲ್ಲದೆ ಹೊರಬಿದ್ದಳು.

ಆ ಕೋಟಿನ ಕತೆಯನ್ನು ಇಲ್ಲೇ ಹೇಳಿಬಿಡಬೇಕು. ಊರಿನಲ್ಲಿ ಅವಳು ಹೊಲಿಗೆ ಕೆಲಸದವಳು. ಪ್ರವಾಸ ಗೊತ್ತಾದ ದಿನ ಮಾವ ಒಂದು ಸುರುಳಿ ನೀಲಿ ಪ್ಲಾಸ್ಟಿಕ್ ಹಾಳೆ ತಂದು ಅವಳ ಮಿಷನ್ನಿನ ಪಕ್ಕ ಇಳಿಸಿದ್ದರು. “ಏಳು ಜನಕ್ಕೂ ಒಂದೇ ಬಣ್ಣ, ಒಂದೇ ನಮೂನೆ. ಗುಂಪಿನಲ್ಲಿ ಕಳೆದುಹೋಗಬಾರದು.” ಟೋಪಿಗೆ ಯಾರ ತಲೆಯ ಅಳತೆ ತೆಗೆಯುವುದೆಂದು ಪ್ರಶ್ನೆ ಬಂತು. ಮನೆಯಲ್ಲಿ ಅತ್ತೆಯದೇ ದೊಡ್ಡ ತಲೆ, ತಲೆಯ ಹಿಂದೆ ತೆಂಗಿನಕಾಯಿಯಷ್ಟು ತುರುಬು. ಆ ತುರುಬು ಹಿಡಿಸುವಂತೆ ಕತ್ತರಿಸಿದ ಟೋಪಿ ಉಳಿದವರ ತಲೆಯ ಮೇಲೆ ಮೂಗಿನ ತನಕ ಇಳಿಯುತ್ತಿತ್ತು. ಕೋಟು ಹಾಕಿಕೊಂಡರೆ ಯಾರು ಯಾರೆಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲ. ಗಲ್ಲದಿಂದ ಗುರುತು ಹಿಡಿಯಬೇಕಿತ್ತು.

ಮಾವನಿಗೆ ಅದರಿಂದ ತೊಂದರೆಯಿರಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯ ದಿನ ಡಿಪೋದವರು ಚರ್ಮದ ಚೀಲ ವಾಪಸು ಇಸಕೊಂಡರು, ಸೀಟಿ ಕೇಳುವುದನ್ನು ಮರೆತರು. ಆ ಮರೆವನ್ನು ಮನೆಯವರು ಅನುಭವಿಸುತ್ತಿದ್ದರು. ದಿನಕ್ಕೆ ಐದಾರು ಸಲ ಸೀಟಿ ಊದಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬೆರಳಿನಿಂದ ನೆತ್ತಿ ತಟ್ಟಿ ಎಣಿಸುತ್ತಿದ್ದರು.

“ಮುಖ ನೋಡಿ ಎಣಿಸಬಾರದು,” ಎಂಬುದು ಅವರ ಸಿದ್ಧಾಂತ. “ಮುಖ ನೋಡಿದ್ರೆ ಮಾತು ಬರುತ್ತೆ. ಮಾತು ಬಂದ್ರೆ ಲೆಕ್ಕ ತಪ್ಪುತ್ತೆ. ತಲೆ ನೋಡ್ಬೇಕು, ತಲೆ!”

ಸೊಸೆ ಗೇಟಿನ ಚಿಲಕಕ್ಕೆ ಕೈ ಹಾಕಿದ್ದಳು. ಮನೆಯೊಳಗೆ ಸೀಟಿ ಊದಿತು.

“ಆರು!” ಮಾವನ ಕೂಗು ಮಳೆಯನ್ನು ಸೀಳಿಕೊಂಡು ಬಂತು. “ಆರೇ ತಲೆ! ಒಂದು ತಲೆ ಎಲ್ಲಿ?”

ಮುಂದಿನದು ಬಸ್ಸಿಗೆ ಬೆಂಕಿ ಬಿದ್ದ ಹಾಗೆ. ಅಜ್ಜಿಯನ್ನು ಎಬ್ಬಿಸಿದರು. ನಾದಿನಿಯ ಆರು ವರ್ಷದ ಮಗಳು ಪುಟ್ಟಿಯನ್ನು ಬಚ್ಚಲಿನಿಂದ ಸೋಪಿನ ಸಮೇತ ಎಳೆತಂದರು. ಗಂಡ ಹೊದಿಕೆ ಸುತ್ತಿಕೊಂಡೇ ಜಗಲಿಗೆ ಬಂದ. ಗೇಟಿನ ಬಳಿ ನೀಲಿ ಕೋಟು ಕಂಡಕೂಡಲೆ ಆರು ಬೆರಳು ಒಟ್ಟಿಗೆ ಅದರತ್ತ ಚಾಚಿದವು. ಸೊಸೆ ತಿರುಗಿ ಬಂದಳು. ಮಾವ ಅವಳ ನೆತ್ತಿ ತಟ್ಟಿ “ಏಳು” ಎಂದು ನಿಟ್ಟುಸಿರು ಬಿಟ್ಟರು. ಈ ಗಲಾಟೆಯಲ್ಲಿ ಮತ್ತೆ ಎಂಟು ಬಟ್ಟೆ ಒದ್ದೆಯಾದವು. ಅವನ್ನು ಹಿಂಡಿದವಳು ಯಾರೆಂದು ಹೇಳಬೇಕಿಲ್ಲ.

ಹಿಂಡುತ್ತಿದ್ದಾಗ ಕೀಲಿಯಕ್ಕ ಬಂದಳು. ಅವಳು ಆ ಮನೆ ನೋಡಿಕೊಳ್ಳುವ ಹೆಂಗಸು. ಸೊಂಟದಲ್ಲಿ ಸದಾ ಕೀಲಿಗೊಂಚಲು ಇರುತ್ತಿದ್ದುದರಿಂದ ಪುಟ್ಟಿ ಆ ಹೆಸರಿಟ್ಟಿದ್ದಳು. ಹಾಲಿನ ಕ್ಯಾನು ಇಳಿಸಿ, ಬಕೆಟ್ಟಿನ ಇನ್ನೊಂದು ಬದಿಯಲ್ಲಿ ಕೂತು ತಾನೂ ಒಂದು ಟವೆಲು ಹಿಂಡಿದಳು.

“ನೀವು ಅದೃಷ್ಟವಂತೆ,” ಎಂದಳು ಸೊಸೆ. “ದಿನಾ ಸಮುದ್ರ ನೋಡ್ತೀರಿ.”

“ನೋಡ್ತೀನಿ. ದಾಟಿಲ್ಲ. ಆರು ವರ್ಷ ಆಯ್ತು ಆ ಕಡೆ ಹೋಗಿ.”

“ರಜ ಕೊಡಲ್ವಾ?”

“ಕೇಳಿದ್ರೆ ಮಾಲೀಕ ಹೇಳ್ತಾನೆ, ನಿನ್ನ ಬದಲಿಗೆ ಒಬ್ಬಳನ್ನ ನಿಲ್ಲಿಸಿ ಹೋಗು ಅಂತ. ಇಲ್ಲಿ ನನ್ನ ಬದಲಿಗೆ ಯಾರು ನಿಲ್ತಾರೆ, ತೆಂಗಿನಮರನಾ? ಕದ್ದು ಹೋಗೋಣ ಅಂದ್ರೆ ದೋಣಿಯವನು ಮಾಲೀಕನ ತಮ್ಮ. ನನ್ನ ಮುಖ ಕಂಡ್ರೆ ಹತ್ತಿಸಲ್ಲ.” ಕೀಲಿಯಕ್ಕ ಟವೆಲು ಕೊಡವಿದಳು. “ನಿಮ್ಮ ಕೋಟು ಚೆನ್ನಾಗಿದೆ. ನೀವೇ ಹೊಲಿದದ್ದಾ?”

“ಹೂಂ. ಟೋಪಿ ಸ್ವಲ್ಪ ದೊಡ್ಡದಾಯ್ತು.”

“ಇಲ್ಲ ಇಲ್ಲ,” ಎಂದಳು ಕೀಲಿಯಕ್ಕ, “ಸರಿಯಾಗೇ ಇದೆ.”

ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ ಸೊಸೆ ಮತ್ತೆ ಹೊರಟಳು, ಈ ಸಲ ರಾಜಮಾರ್ಗದಲ್ಲಿ, ಹಜಾರದ ನಡುವಿನಿಂದ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಾದಿನಿ ಕರೆದಳು. ಅವಳು ಶಾಲೆಯಲ್ಲಿ ಆಟದ ಟೀಚರು. ಊರಿನ ಮಕ್ಕಳನ್ನೆಲ್ಲ ಮೈದಾನದ ಸುತ್ತ ಓಡಿಸುವವಳು ಇಲ್ಲಿ ಮಂಚದಿಂದ ಇಳಿದಿರಲಿಲ್ಲ.

“ಅತ್ತಿಗೆ, ಹೇಗೂ ನಿಂತಿದ್ದೀರಲ್ಲ, ಪುಟ್ಟಿಗೆ ತಲೆ ಬಾಚಿಬಿಡಿ.”

ಬಾಚಿದಳು. ಆ ಜಡೆಯಲ್ಲಿ ಎರಡು ಬಸವನಹುಳು ಸಿಕ್ಕವು. ಅವು ತನ್ನವು, ಎಸೆಯಬಾರದೆಂದು ಪುಟ್ಟಿ ಅತ್ತಳು.

“ಏ, ಹೇಗೂ ಎದ್ದಿದ್ದೀಯಲ್ಲ, ನನ್ನ ಮುಲಾಮು ಕೊಡು,” ಎಂದ ಗಂಡ. ಮುಲಾಮು ಅವನ ದಿಂಬಿನ ಕೆಳಗೇ ಇತ್ತು.

“ಹೇಗೂ ಆ ಕಡೆ ಹೋಗ್ತಿದ್ದೀಯಲ್ಲ,” ಎಂದು ಅತ್ತೆ ಶುರುಮಾಡಿದರು.

ಸೊಸೆಗೆ ಆ ‘ಹೇಗೂ’ ತಲೆಗೇರಿತು. ಮದುವೆಯಾಗಿ ಹನ್ನೊಂದು ವರ್ಷದಿಂದ ಅವಳು ಹೇಗೂ ನಿಂತಿರುತ್ತಿದ್ದಳು, ಹೇಗೂ ಎದ್ದಿರುತ್ತಿದ್ದಳು. ಹಜಾರದ ನಡುವೆ, ಕಾಲುಚೀಲಗಳ ಕೆಳಗೆ ನಿಂತು ಹೇಳಿದಳು:

“ನಾನು ಸಮುದ್ರಕ್ಕೆ ಹೋಗ್ತಿದ್ದೀನಿ.”

ದನಿ ತುಸು ಹೆಚ್ಚೇ ದೊಡ್ಡದಾಗಿ ಬಂತು. ಹಗ್ಗದಿಂದ ಒಂದು ಕ್ಲಿಪ್ಪು ಬಿತ್ತು.

“ಯಾರ ಜೊತೆ?” ಎಂದರು ಅತ್ತೆ.

“ನನ್ನ ಕಾಲುಗಳ ಜೊತೆ.”

“ಈಗ ಎರಡೂವರೆ,” ಮಾವ ಸೀಟಿ ಕೈಗೆತ್ತಿಕೊಂಡರು. “ಮೂರಕ್ಕೆ ತಲೆ ಎಣಿಸ್ಬೇಕಮ್ಮ. ನೀನಿಲ್ಲದಿದ್ರೆ ಲೆಕ್ಕ ತಪ್ಪುತ್ತೆ.”

“ತಪ್ಪಲಿ ಮಾವ.”

ಮೂವತ್ತನಾಲ್ಕು ವರ್ಷದಲ್ಲಿ ಯಾವ ಪ್ರಯಾಣಿಕನೂ ಅವರಿಗೆ ಹಾಗೆ ಅಂದಿರಲಿಲ್ಲ. ಸೀಟಿ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅಜ್ಜಿ ಒಳಗಿನಿಂದ “ಏನಂತೆ ಅವಳಿಗೆ?” ಎಂದರು. “ಕೋಪ ಬಂದಿದೆಯಂತೆ,” ಎಂದ ಗಂಡ, ಹವಾಮಾನ ಹೇಳುವವನ ದನಿಯಲ್ಲಿ. ಸೊಸೆ ಕೋಟು ಹಾಕಿ, ಟೋಪಿಯನ್ನು ಮೂಗಿನ ತನಕ ಎಳೆದು, ಮೆಟ್ಟಿಲಿಳಿದು ಹೋದಳು. ಬಾಗಿಲನ್ನು ಧಡಾರನೆ ಹಾಕಬೇಕೆಂದಿದ್ದಳು. ನೀರು ಕುಡಿದು ಉಬ್ಬಿದ್ದ ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತು. ಆದರೂ ತೃಪ್ತಿಯಾಯಿತು.

ದಾರಿಯ ತಿರುವಿನಲ್ಲಿ ಕೀಲಿಯಕ್ಕ ಎದುರಾದಳು. ತಲೆಯ ಮೇಲೆ ಬಟ್ಟೆಯ ಬುಟ್ಟಿ ಬೋರಲು ಹಾಕಿಕೊಂಡು ದೋಣಿಕಟ್ಟೆಯ ಕಡೆಯಿಂದ ಓಡೋಡಿ ಬರುತ್ತಿದ್ದಳು.

“ಒಬ್ಬರೇ ಬಂದ್ರಾ? ಜಗಳ ಆಡ್ಕೊಂಡು?”

“ಹೌದು.”

“ಅವರಿಗೆ ಗೊತ್ತಾ, ನಿಮಗೆ ಕೋಪ ಬಂದಿರೋದು?”

“ಎಲ್ಲರಿಗೂ ಗೊತ್ತು. ಇನ್ನು ಎರಡು ದಿನ ನಾನು ಯಾರ ಜೊತೆಯೂ ಮಾತಾಡಲ್ಲ.”

ಕೀಲಿಯಕ್ಕ ಆ ಮಾತಿಗೆ ಯಾಕೋ ಕಣ್ಣರಳಿಸಿದಳು. “ನಿಮ್ಮ ಕೋಟು ಸ್ವಲ್ಪ ಹೊತ್ತು ಕೊಡ್ತೀರಾ? ತುಂಬ ನೆಂದುಬಿಟ್ಟೆ. ನೀವು ಹೇಗೂ ಸಮುದ್ರಕ್ಕಿಳಿಯೋರು.”

ಇಲ್ಲೂ ಒಂದು ಹೇಗೂ! ಆದರೆ ಮಾತು ನಿಜವಾಗಿತ್ತು. ಅತ್ತೆಯ ತುರುಬಿನ ಅಳತೆಯ ಟೋಪಿ ಹಾಕಿಕೊಂಡು ಸಮುದ್ರ ನೋಡುವುದು ಟಾರ್ಪಾಲಿನ ತೂತಿನಲ್ಲಿ ನೋಡಿದಂತೆಯೇ. ಸೊಸೆ ಕೋಟು ಬಿಚ್ಚಿ ಕೊಟ್ಟಳು. ಕೀಲಿಯಕ್ಕ ಸೊಂಟದ ಕೀಲಿಗೊಂಚಲು ಬಿಚ್ಚಿ ಅವಳ ಕೈಯಲ್ಲಿಟ್ಟಳು. “ಇದು ನಿಮ್ಮ ಹತ್ರ ಇರಲಿ. ಭಾರ ನೋಡಿ, ಓಡೋಕಾಗಲ್ಲ.”

ಯಾಕೆ ಓಡಬೇಕೆಂದು ಸೊಸೆ ಕೇಳಲಿಲ್ಲ. ಅವಳಿಗೆ ಆಗಲೇ ಅಲೆಯ ಸದ್ದು ಕೇಳಿಸುತ್ತಿತ್ತು.

ಸಮುದ್ರ ದೋಣಿಯವನ ಅಂಗಿಯಾಗಿರಲಿಲ್ಲ. ಬಟ್ಟೆ ನೆನೆಹಾಕಿದ ನೀರಿನ ಬಣ್ಣವೇ, ಹೌದು. ಆದರೆ ಆ ಬಕೆಟ್ಟಿಗೆ ಆಚೆಯ ಅಂಚು ಇರಲಿಲ್ಲ. ಅವಳು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಎತ್ತಿಕಟ್ಟಿ ಮೊಣಕಾಲಿನ ತನಕ ಇಳಿದಳು. ಅಲೆ ಬಂದು ತಳ್ಳಿತು, ಅವಳು ಹಿಂದೆ ಹೋಗಲಿಲ್ಲ. ಇನ್ನೊಂದು ಬಂತು, ಕುಂಡೆಯ ಮೇಲೆ ಬೀಳಿಸಿತು. ಬಾಯಿತುಂಬ ಉಪ್ಪುನೀರು. ಎದ್ದು ಉಗುಳಿ, “ಬಾ, ಇನ್ನೊಂದ್ಸಲ ಬಾ!” ಎಂದು ಸಮುದ್ರಕ್ಕೆ ಸವಾಲು ಹಾಕಿದಳು. ಮೇಲಿನಿಂದ ಮಳೆ, ಕೆಳಗಿನಿಂದ ಅಲೆ. ಹಿಂಡುವವರು, ಒಣಗಿಸುವವರು ಯಾರೂ ಇಲ್ಲ. ಅವಳಿಗೆ ನಗು ಬಂತು. ಒಬ್ಬಳೇ ನಕ್ಕಳು, ಸುಮಾರು ಹೊತ್ತು.

ದೋಣಿಯ ಭೋಂಗಾ ಊದಿತು. ದಿನಾ ಮೂರಕ್ಕೆ ಆ ದಡದಿಂದ ಜನರನ್ನು ತಂದು, ಈ ದಡದವರನ್ನು ಕರೆದೊಯ್ಯುವ ದೋಣಿ. ಸೊಸೆ ಗಮನ ಕೊಡಲಿಲ್ಲ. ಆಮೇಲೆ ಮನೆಯ ಕಡೆಯಿಂದ ಮಾವನ ಸೀಟಿ ಕೇಳಿಸಿತು. ಒಂದು ಸಲ, ಎರಡು ಸಲ, ಉಸಿರು ಕಟ್ಟುವಷ್ಟು ಉದ್ದಕ್ಕೆ ಮೂರನೆಯ ಸಲ.

“ಊದಲಿ,” ಎಂದಳು ಸೊಸೆ ಅಲೆಗೆ. “ಸೀಟಿಯೂ ಅವರದು, ಉಸಿರೂ ಅವರದು. ನಾನು ಬರಲ್ಲ.”

ಸೀಟಿ ನಿಂತಿತು. ಅಷ್ಟು ಬೇಗ ನಿಂತದ್ದು ಅವಳಿಗೆ ಸ್ವಲ್ಪ ಬೇಸರವನ್ನೇ ತಂದಿತು. ಆರೇ ತಲೆ ಎಂಬ ಕೂಗಿಗೆ ಕಿವಿಗೊಟ್ಟಳು. ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ, ದೂರದ ದೋಣಿಕಟ್ಟೆಯ ಮೇಲೆ ಸಾಲಾಗಿ ನೀಲಿ ಚುಕ್ಕೆಗಳು ಹೋಗುತ್ತಿದ್ದವು. ತಾನು ಹೊಲಿದ ಕೋಟುಗಳು, ಎಲ್ಲಿದ್ದರೂ ಗುರುತು ಸಿಗುತ್ತದೆ. ಮುಂದೆ ಮಾವ. ಹಿಂದೆ ಅತ್ತೆ, ಅವರದೊಂದೇ ಟೋಪಿ ತುಂಬಿಕೊಂಡಿತ್ತು. ಕುರ್ಚಿಯಲ್ಲಿ ಕೂರಿಸಿ ಹೊತ್ತ ಹಾಗೆ ನಡುವೆ ಅಜ್ಜಿ, ಇತ್ತ ಗಂಡ, ಅತ್ತ ನಾದಿನಿ. ಕುಪ್ಪಳಿಸುತ್ತಿರುವುದು ಪುಟ್ಟಿ. ನನ್ನನ್ನು ಹುಡುಕುತ್ತಿದ್ದಾರೆ, ಹುಡುಕಲಿ ಎಂದುಕೊಂಡಳು. ಎಣಿಸಿದಳು, ಮಾವನ ಹಾಗೆಯೇ, ಬೆರಳು ಚಾಚಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಏಳು.

ಮತ್ತೆ ಎಣಿಸಿದಳು. ಏಳು. ಏಳನೆಯ ನೀಲಿ ಕೋಟು ಎಲ್ಲರಿಗಿಂತ ಹಿಂದೆ ಇತ್ತು. ಎರಡು ದೊಡ್ಡ ಚೀಲಗಳನ್ನೂ ಅದೇ ಹೊತ್ತಿತ್ತು.

ಸೊಸೆ ಮರಳಿನ ಮೇಲೆ ಓಡಿದಳು. ಸೊಂಟದಲ್ಲಿ ಕೀಲಿಗೊಂಚಲು ಹೋರಿಯ ಗೆಜ್ಜೆಯಂತೆ ಬಡಿದುಕೊಂಡಿತು. “ರೀ! ಮಾವಾ! ನಿಲ್ಸೀ!” ಮಳೆಯಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಕಟ್ಟೆಯ ತುದಿಯಿಂದ ಮಾವನ ದನಿ ಮಾತ್ರ ಸ್ಪಷ್ಟವಾಗಿ ಬಂತು, ಮೂವತ್ತನಾಲ್ಕು ವರ್ಷದ ಹೆಮ್ಮೆಯ ದನಿ.

“ಏಳು ತಲೆ, ಲೆಕ್ಕ ಸರಿ! ರೈಟ್!”

ಸೀಟಿ ಊದಿತು. ದೋಣಿ ಹೊರಟಿತು.

ಅವಳು ಕಟ್ಟೆ ಮುಟ್ಟಿದಾಗ ಹಗ್ಗ ಬಿಚ್ಚುವ ಮುದುಕ ಹಗ್ಗ ಸುತ್ತುತ್ತಿದ್ದ.

“ದೋಣಿ ವಾಪಸ್ ಕರೀರಿ! ಅದು ನಮ್ಮ ಮನೆಯವರು!”

“ಯಾರು, ಆ ನೀಲಿಯವರಾ? ಅವರೆಲ್ಲ ಹತ್ತಿದ್ರಲ್ಲ. ಯಜಮಾನ್ರು ಮೂರು ಸಲ ಎಣಿಸಿದ್ರು.”

“ನಾನು ಅವರ ಸೊಸೆ!”

ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಸೊಸೇನೂ ಹತ್ತಿದ್ಳಮ್ಮ. ನಾನೇ ಚೀಲ ಎತ್ತಿಕೊಟ್ಟೆ. ಪಾಪ, ಏನೋ ಮುನಿಸಿರಬೇಕು, ಒಂದು ಮಾತಾಡ್ಲಿಲ್ಲ. ‘ಯಾರೂ ಅವಳನ್ನ ಮಾತಾಡಿಸ್ಬೇಡಿ, ತಾನಾಗೇ ಸರಿಹೋಗ್ತಾಳೆ’ ಅಂತ ಆ ತುರುಬಿನಮ್ಮ ಎಲ್ಲರಿಗೂ ಹೇಳ್ತಿದ್ರು. ಗಂಡ ಮಾತ್ರ ಪಕ್ಕದಲ್ಲೇ ಕೂತು ‘ಇನ್ನು ಇಪ್ಪತ್ತು ನಿಮಿಷಕ್ಕೆ ನಿನ್ನ ಕೋಪ ಇಳಿಯುತ್ತೆ ಬಿಡು’ ಅಂತಿದ್ದ.”

“ನಾವು ಹೋಗಬೇಕಾದ್ದು ನಾಳೆ!”

“ನಾಳೆಯಿಂದ ಐದು ದಿನ ದೋಣಿ ಇಲ್ಲ, ಗಾಳಿ ಜೋರಂತೆ. ಮನೆಗೆ ಹೇಳಿ ಕಳಿಸಿದ್ವಿ, ಕೀಲಿಯವಳ ಹತ್ರ. ಹಿಂಬಾಗಿಲಿಂದಲೇ ಕೂಗಿ ಹೇಳಿ ಹೋದ್ಳಂತೆ.” ಮುದುಕನ ಕಣ್ಣು ಅವಳ ಸೊಂಟಕ್ಕೆ ಹೋಯಿತು. “ಓ! ಕೀಲಿ ನಿಮ್ಮ ಹತ್ರ ಇದೆ. ಮೊದಲೇ ಹೇಳ್ಬಾರ್ದಾ, ಬದಲಿಯವರು ಅಂತ? ಕೊನೆಗೂ ಅವಳಿಗೆ ಒಬ್ಬರು ಸಿಕ್ಕಿದ್ರು ಅನ್ನಿ. ಹೋಗಿ ಹೋಗಿ, ಹೊಸಬರು ಬಂದು ಜಗಲಿ ಮೇಲೆ ನಡುಗ್ತಾ ನಿಂತಿದ್ದಾರೆ.”

ಬಂದಾಗಿನಿಂದ ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದರೂ ಫೋನು ದೊಡ್ಡ ಚೀಲದಲ್ಲಿತ್ತು. ಸೊಸೆ ಕಟ್ಟೆಯ ತುದಿಯಲ್ಲಿ ನಿಂತು, ಟಾರ್ಪಾಲು ಕಟ್ಟಿದ ದೋಣಿ ಗುಂಡಿಯಷ್ಟಾಗುವ ತನಕ ನೋಡಿದಳು. ಆ ದಡದಲ್ಲಿ ಏಳನೆಯ ಟೋಪಿ ಹಿಂದೆ ಸರಿಯುತ್ತದೆ. ಲೆಕ್ಕ ಸರಿಯಿದ್ದೂ ತಲೆ ತಪ್ಪಿದ್ದನ್ನು ಮಾವ ಮೊದಲ ಸಲ ನೋಡುತ್ತಾರೆ. ಆಗ ಅವರ ಮುಖ ಹೇಗಿರುತ್ತದೆಂದು ಯೋಚಿಸಿದಳು. ಅಳಬೇಕೆಂದು ಬಾಯಿ ತೆರೆದರೆ ನಗು ಬಂತು.

ಜಗಲಿಯ ಮೇಲೆ ಎಂಟು ಜನ. ಒಬ್ಬ ಅಜ್ಜ, ಒಬ್ಬಳು ಅಜ್ಜಿ, ಮಗ, ಅವನ ಹೆಂಡತಿ, ಅಳಿಯ, ಮಗಳು, ಎರಡು ಮಕ್ಕಳು. ಎಲ್ಲರೂ ತೊಯ್ದ ಕೋಳಿಗಳ ಹಾಗೆ ಒತ್ತಿಕೊಂಡು ನಿಂತಿದ್ದರು.

“ಅಬ್ಬಾ, ಬಂದ್ಯಲ್ಲ! ಎಷ್ಟು ಹೊತ್ತಮ್ಮ? ಹಿಂದಿನವರು ಬೀಗ ಹಾಕ್ಕೊಂಡು ಹೋಗಿದ್ದಾರೆ. ತೆಗಿ ತೆಗಿ.”

“ನಾನು ಇಲ್ಲಿಯವಳಲ್ಲ,” ಎಂದಳು ಸೊಸೆ.

“ಹಾಗಂದ್ರೆ? ಕೀಲಿ ನಿನ್ನ ಹತ್ರಾನೇ ಇದೆಯಲ್ಲ!”

ಸೊಸೆ ಬೀಗ ತೆಗೆದಳು. ಎಂಟು ಜನ ನುಗ್ಗಿದರು. ಹಜಾರದ ಹಗ್ಗ ಕಂಡು ಯಾರೋ “ಸದ್ಯ, ಹಗ್ಗ ಇದೆ!” ಎಂದು ಖುಷಿಪಟ್ಟರು. ನೋಡುನೋಡುತ್ತಿದ್ದಂತೆ ಹದಿನಾರು ಒದ್ದೆ ಕಾಲುಚೀಲಗಳು ಮಗನ ಹೆಂಡತಿಯ ತೋಳಿನ ಮೇಲೆ ಬಂದು ಬಿದ್ದವು. ಅವಳು ಒಂದನ್ನು ಹಿಂಡಿದಳು.

ಸೊಸೆ ಒಳಗೆ ಹೋಗಲಿಲ್ಲ. ಜಗಲಿಯ ಬೆತ್ತದ ಕುರ್ಚಿಯನ್ನು ನೋಡಿದಳು. ಅತ್ತೆಯ ಕುರ್ಚಿ. ನಡುವೆ ತಗ್ಗಾಗಿತ್ತು. ಅದರಲ್ಲಿ ಕೂತಳು. ಸ್ಟೂಲನ್ನು ಕಾಲಿನಿಂದ ಎಳೆದು, ಮರಳು ಮೆತ್ತಿದ ಎರಡೂ ಪಾದಗಳನ್ನು ಅದರ ಮೇಲಿಟ್ಟಳು. ಪಾದಗಳಲ್ಲಿ ಉಪ್ಪು ಚುರುಗುಟ್ಟುತ್ತಿತ್ತು. ಐದು ದಿನ ದೋಣಿಯಿಲ್ಲ.

ಸ್ವಲ್ಪ ಹೊತ್ತಿಗೆ ಆ ಮಗನ ಹೆಂಡತಿ ಹೊರಗೆ ಬಂದು ಬಾಗಿಲ ಬಳಿ ನಿಂತಳು. ಕೈಯಲ್ಲಿ ಇನ್ನೂ ಒಂದು ಕಾಲುಚೀಲ ಇತ್ತು.

“ಇಲ್ಲಿಂದ ಸಮುದ್ರ ಎಷ್ಟು ದೂರ?” ಎಂದು ಮೆಲ್ಲಗೆ ಕೇಳಿದಳು.

“ಐದು ನಿಮಿಷ,” ಎಂದಳು ಸೊಸೆ. “ಕೂತ್ಕೊಳ್ಳಿ.”

ಅವಳು ಒಮ್ಮೆ ಒಳಗೆ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ಕಾಲುಚೀಲವನ್ನು ಪಕ್ಕದಲ್ಲಿಟ್ಟಳು.

ಒಳಗಿನಿಂದ ಮುದಿ ದನಿಯೊಂದು ಬಂತು. ಸೊಸೆಯ ಕಾಲು ಅಭ್ಯಾಸಬಲದಿಂದ ಒಮ್ಮೆ ಅದುರಿತು. ಅವಳು ಅದನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿದಳು. ಮೆಟ್ಟಿಲ ಮೇಲಿನವಳೂ ಮಳೆಯನ್ನೇ ನೋಡುತ್ತಿದ್ದಳು. ದನಿ ಮತ್ತೆ ಬಂತು, ಈ ಸಲ ಸ್ವಲ್ಪ ಜೋರಾಗಿ.

“ಅಮ್ಮಾ, ಯಾರಾದ್ರೂ ಸ್ವಲ್ಪ ಬಿಸಿನೀರು ಕೊಡ್ತೀರಾ?”